ಫಿರಂಗಿಗೆ ಒಡೆದ ಕುಂಬಳಕಾಯಿ

ಮುಳಬಾಗಿಲು: ಹೊರಡುವ ಮೊದಲು

ದಕ್ಷಿಣ ಆಫ್ರಿಕಾಕ್ಕೆ ಹೋಗಿ ಬಂದವನು ಎಂದು ಗೊತ್ತಾದರೆ ಸಾಕು, ಮುಳಬಾಗಿಲಿನಲ್ಲಿ ಸಿಕ್ಕವರೆಲ್ಲ ‘ಸಿಂಹ ನೋಡಿದ್ರಾ ಸ್ವಾಮಿ?’ ಎಂದು ಕೇಳುತ್ತಾರೆ. ಸಿಂಹ ನೋಡಲಿಲ್ಲ. ಫಿರಂಗಿ ನೋಡಿದೆ. ಅದಕ್ಕೆ ಪೂಜೆಯನ್ನೂ ಮಾಡಿಸಿದೆ. ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ. ಅದಕ್ಕೇ ಬರೆಯಲು ಕೂತೆ.

ನಾನು ಪುರೋಹಿತ. ಹುಟ್ಟಿದ್ದು ಬೈರಕೂರಿನಲ್ಲಿ, ಮನೆ ಮಾಡಿಕೊಂಡಿರುವುದು ಮುಳಬಾಗಿಲಿನಲ್ಲಿ. ಶ್ರೀನಿವಾಸಪುರದಿಂದ ಮಾಲೂರಿನವರೆಗೆ ಕರೆದ ಕಡೆ ಹೋಗಿ ಗೃಹಪ್ರವೇಶ, ನಾಮಕರಣ, ತಿಥಿ ಎಲ್ಲ ಮಾಡಿಸುತ್ತೇನೆ. ಎಲ್ಲಕ್ಕಿಂತ ಹೆಚ್ಚು ಮಾಡಿಸಿರುವುದು ಗಾಡಿ ಪೂಜೆ. ಮಾಲೂರಿನ ಇಟ್ಟಿಗೆ ಗೂಡಿನವರು ಹೊಸ ಲಾರಿ ತಂದರೆ ಮೊದಲು ನನಗೇ ಫೋನು ಬರುವುದು. ನನಗೆ ಕೋಪ ಜಾಸ್ತಿ ಎಂದು ಸುತ್ತಲ ನಾಲ್ಕು ತಾಲ್ಲೂಕಿಗೂ ಗೊತ್ತು. ಆದರೂ ಕರೆಯುತ್ತಾರೆ, ಏಕೆಂದರೆ ಮಂತ್ರ ನುಂಗುವುದಿಲ್ಲ.

ಇಟ್ಟಿಗೆ ಗೂಡಿನ ಮುನಿವೆಂಕಟಪ್ಪನವರ ಷಡ್ಡಕರೊಬ್ಬರು ಡರ್ಬನ್ನಿನಲ್ಲಿ ವ್ಯಾಪಾರ ಮಾಡಿಕೊಂಡಿದ್ದಾರೆ. ಅಲ್ಲಿ ತೆಲುಗಿನವರ ಒಂದು ದೇವಸ್ಥಾನವಿದೆ. ಕೂಲಿಗೆಂದು ಹಡಗು ಹತ್ತಿ ಹೋದವರ ಮರಿಮಕ್ಕಳು ಕಟ್ಟಿಕೊಂಡಿದ್ದು.

‘ಸಾಮೀ, ಅಲ್ಲಿನ ಐನೋರು ರಜಾ ಹಾಕಿ ಊರಿಗೆ ಬಂದವ್ರಂತೆ. ತೆಲುಗು ಬರೋ ಪುರೋಹಿತ್ರು ಬೇಕಂತೆ, ಎರಡು ತಿಂಗ್ಳಿಗೆ. ನಿಮ್ಗೆ ತೆಲುಗೂ ಬರ್ತದೆ, ಮಂತ್ರಾನೂ ಬರ್ತದೆ. ಇನ್ನೇನ್ ಬೇಕು? ಹೋಗ್ಬನ್ನಿ,’ ಎಂದರು ಮುನಿವೆಂಕಟಪ್ಪ.

ನನ್ನ ಹೆಂಡತಿ ಪದ್ಮ ಮಾತ್ರ ಪೆಟ್ಟಿಗೆ ತುಂಬುತ್ತಾ ಒಂದೇ ಮಾತು ಹೇಳಿದಳು. ‘ಅಲ್ಲಿ ಹೋಗಿ ಯಾರ ಹತ್ರಾನೂ ಜಗಳ ಆಡ್ಬೇಡಿ ಕಣ್ರೀ. ಬಿಡಿಸೋಕೆ ನಾನಿರಲ್ಲ.’

ಡರ್ಬನ್ ವಿಮಾನ ನಿಲ್ದಾಣ

ಮೊದಲ ಜಗಳ ನಿಲ್ದಾಣದಲ್ಲೇ ಆಯಿತು. ನನ್ನ ಪೆಟ್ಟಿಗೆಯಿಂದ ದರ್ಭೆಯ ಕಟ್ಟನ್ನು ಎತ್ತಿ ಹಿಡಿದ ಅಧಿಕಾರಿಣಿ ಇದು ಯಾವ ಗಿಡ, ಬೀಜ ಇದೆಯೇ, ಹುಳ ಇದೆಯೇ ಎಂದು ವಿಚಾರಣೆ ಶುರು ಮಾಡಿದರು. ಪವಿತ್ರವಾದ ಹುಲ್ಲು ಎಂದೆ. ಹುಲ್ಲು ಎಂದರೆ ಹುಲ್ಲೇ, ನಮ್ಮ ದೇಶದೊಳಗೆ ಬಿಡುವುದಿಲ್ಲ ಎಂದರು. ವಿಭೂತಿಯ ಪೊಟ್ಟಣವನ್ನು ಬಿಚ್ಚಿ ಮೂಸಿ, ಸಹೋದ್ಯೋಗಿಗೂ ಮೂಸಿಸಿ, ಸೀನಿ, ಕೊನೆಗೆ ವಾಪಸ್ಸು ಕೊಟ್ಟರು. ದರ್ಭೆ ಮಾತ್ರ ಕಸದ ಡಬ್ಬಿಗೆ ಹೋಯಿತು. ಒಂದು ಹಿಡಿ ಹುಲ್ಲಿನಿಂದ ದೇಶಕ್ಕೆ ಕೇಡಾಗುತ್ತದೆ ಎಂದು ಇಷ್ಟು ಎಚ್ಚರವಾಗಿರುವ ಜನ, ಬೇರೆ ದೇಶಕ್ಕೆ ತಾವೇನು ಕಳಿಸುತ್ತಾರೆ ಎಂದು ಆಮೇಲೆ ಕಣ್ಣಾರೆ ನೋಡಿದೆ.

ಕಬ್ಬಿನ ಗುಡ್ಡದ ಊರು

ದೇವಸ್ಥಾನ ಇರುವುದು ಡರ್ಬನ್ನಿನ ಉತ್ತರಕ್ಕೆ, ಕಬ್ಬು ಬೆಳೆಯುವ ಗುಡ್ಡಗಳ ನಡುವಿನ ಒಂದು ಸಣ್ಣ ಊರಿನಲ್ಲಿ. ಗುಡ್ಡದ ನೆತ್ತಿಯವರೆಗೂ ಕಬ್ಬು. ಬೋರ್‌ವೆಲ್ ಕೊರೆಸಿ ಕೊರೆಸಿ ಸೋತ ನಮ್ಮ ಕೋಲಾರದವನಿಗೆ ಆ ಹಸಿರು ನೋಡಿದರೆ ಹೊಟ್ಟೆ ಉರಿಯದೆ ಇರುತ್ತದೆಯೇ? ನಮ್ಮ ವಕ್ಕಲೇರಿ ಕಡೆ ಸೀಮೆ ಹಸುವಿಗೆ ಹಾಕುವ ಮೇವಿಗೂ ಅಷ್ಟು ಬಣ್ಣವಿರುವುದಿಲ್ಲ.

ಜನ ಒಳ್ಳೆಯವರು. ಬೀದಿಯಲ್ಲಿ ಗುರುತಿಲ್ಲದವರೂ ನಿಂತು ಹೇಗಿದ್ದೀರಿ ಎಂದು ಕೇಳುತ್ತಾರೆ. ನಾನು ಮೊದಮೊದಲು ನಿಜವಾಗಿ ಕೇಳುತ್ತಿದ್ದಾರೆಂದು ತಿಳಿದು ಮಂಡಿನೋವಿನಿಂದ ಶುರು ಮಾಡುತ್ತಿದ್ದೆ. ಅವರು ಪಾಪ, ಪೂರ್ತಿ ಕೇಳಿಸಿಕೊಂಡೇ ಹೋಗುತ್ತಿದ್ದರು. ಆದರೆ ಮನೆಗಳೆಲ್ಲ ಜೈಲಿನಂತೆ. ಎತ್ತರದ ಗೋಡೆ, ಅದರ ಮೇಲೆ ಕರೆಂಟಿನ ತಂತಿ, ಬಾಗಿಲಿಗೆ ಕಬ್ಬಿಣದ ಸರಳು. ದೇವಸ್ಥಾನದ ಗರ್ಭಗುಡಿಗೂ ಅಲಾರಂ. ಬೆಳಗಿನ ಅಭಿಷೇಕಕ್ಕೆ ನಾನು ಅದನ್ನು ಆರಿಸದೆ ಬಾಗಿಲು ತೆಗೆದು ಎರಡು ಸಲ ಊರನ್ನೆಲ್ಲ ಎಬ್ಬಿಸಿದೆ. ಭಜನೆಯನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡು ಹಾಡುತ್ತಾರೆ. ಅರ್ಥ ಯಾರಿಗೂ ಗೊತ್ತಿಲ್ಲ, ಕಣ್ಣಲ್ಲಿ ನೀರು ಮಾತ್ರ ಎಲ್ಲರಿಗೂ ಬರುತ್ತದೆ. ಅರ್ಥ ಗೊತ್ತಿದ್ದೂ ಆಕಳಿಸುವ ನಮ್ಮೂರಿನವರಿಗಿಂತ ವಾಸಿ.

ನನಗೆ ಎರಡು ಹೊತ್ತೂ ಅಡಿಗೆ ತಂದುಕೊಡುತ್ತಿದ್ದವರು ದೇವಸ್ಥಾನದ ಹಿಂದಿನ ಮನೆಯ ಸರೋಜಮ್ಮ. ಗಂಡ ತೀರಿಕೊಂಡಿದ್ದಾರೆ. ಮನೆಯಲ್ಲಿ ತಾಯಿ ಮಗಳು ಇಬ್ಬರೇ. ಆ ಊರಿನಲ್ಲಿ ತೆಲುಗು ಆಡಲು ಬರುವ ಕೆಲವೇ ಹಳಬರಲ್ಲಿ ಅವರೊಬ್ಬರು. ಅವರ ಮುತ್ತಾತ ಚಿತ್ತೂರು ಸೀಮೆಯಿಂದ ಹೋದವರು, ಅಂದರೆ ನಮ್ಮ ಮುಳಬಾಗಿಲಿನ ಗಡಿಯಾಚೆ ಕೂಗಿದರೆ ಕೇಳುವಷ್ಟು ಹತ್ತಿರ. ಅವರ ತೆಲುಗು ನಮ್ಮ ಕಡೆಯ ತೆಲುಗೇ. ಅವರ ಮಾತನ್ನು ಇಲ್ಲಿ ನಮ್ಮೂರ ಕನ್ನಡದಲ್ಲೇ ಬರೆಯುತ್ತೇನೆ. ಮಿಕ್ಕವರದೆಲ್ಲ ಇಂಗ್ಲಿಷ್, ನನ್ನದು ಅರ್ಧ ಇಂಗ್ಲಿಷ್ ಅರ್ಧ ಕೈಸನ್ನೆ.

ಒಂದು ಸಂಜೆ ಸರೋಜಮ್ಮ ಸಾರಿನ ಪಾತ್ರೆ ಇಟ್ಟವರು ಹೋಗಲಿಲ್ಲ.

‘ಅಯ್ಯಗಾರೂ, ನನ್ನ ಮಗಳು ದೇವಿಕಾ ಸೈನ್ಯದಾಗವ್ಳೆ. ಫಿರಂಗಿ ದಳ. ಮೀಸಲು ಪಡೆ ಅಂತಾರೆ, ಬಾ ಅಂದಾಗ ಹೋಗ್ಬೇಕು. ಈಗ ಕಾಂಗೋಕ್ಕೆ ಕಳಿಸ್ತಾವ್ರೆ. ಅಲ್ಲಿ ಯುದ್ಧ.’

‘ಬರಲ್ಲ ಅನ್ನೋಕಾಗಲ್ವಾ?’

‘ಆಗ್ತದೆ. ವಿಮಾನ ಹತ್ತೋವರೆಗೂ ಬರಲ್ಲ ಅನ್ಬೋದು. ಅವಳು ಅನ್ನಲ್ಲ. ಆದ್ರೆ ಅವಳಿಗೆ ದಿನ ನಕ್ಷತ್ರ ಅಂದ್ರೆ ಭಾಳ ನಂಬಿಕೆ. ಅಮಾವಾಸ್ಯೆ ದಿನ ಹೊಸ ಚಪ್ಲಿ ಕೂಡ ಹಾಕಲ್ಲ. ನೀವು ಒಂದೇ ಒಂದು ಮಾತು ಹೇಳಿ. ಹೊರಡೋ ದಿನ ಅವಳ ನಕ್ಷತ್ರಕ್ಕೆ ಆಗಿ ಬರಲ್ಲ ಅನ್ನಿ.’

ಪಂಚಾಂಗ ತೆಗೆದು ನೋಡಿದೆ. ಗ್ರಹಚಾರಕ್ಕೆ ಆ ದಿನ ಚೆನ್ನಾಗಿಯೇ ಇತ್ತು. ತಾರಾಬಲ ಇತ್ತು, ಚಂದ್ರಬಲ ಇತ್ತು. ಹೆಣ್ಣು ಕೊಡಲು ಇಷ್ಟವಿಲ್ಲದವರು, ಗಿರಾಕಿಯನ್ನು ಸಾಗಹಾಕಬೇಕಾದವರು, ನೆಂಟರ ಮನೆಗೆ ಹೋಗಲು ಬೇಜಾರಾದವರು ಎಲ್ಲರೂ ಪುರೋಹಿತನ ಬಾಯಲ್ಲಿ ಸುಳ್ಳು ಹೇಳಿಸಲು ಬರುತ್ತಾರೆ. ಇಷ್ಟು ವರ್ಷ ಒಬ್ಬರಿಗಾಗಿಯೂ ಹಾಗೆ ಹೇಳಿದವನಲ್ಲ. ‘ಪಂಚಾಂಗದಲ್ಲಿ ಇಲ್ಲದ್ದು ನನ್ನ ಬಾಯಲ್ಲಿ ಬರಲ್ಲ ತಾಯೀ,’ ಎಂದುಬಿಟ್ಟೆ. ಸರೋಜಮ್ಮ ಅಳಲಿಲ್ಲ. ಬೆಳಗಿನ ಖಾಲಿ ಪಾತ್ರೆ ತೆಗೆದುಕೊಂಡು ಹೋದರು.

ಮರುದಿನ ದೇವಸ್ಥಾನದ ಅಧ್ಯಕ್ಷ ನಾಯ್ಡು ಬಂದರು. ದಪ್ಪನೆಯ, ಸದಾ ನಗುವ ಮನುಷ್ಯ. ಬಂದರಿನ ಹತ್ತಿರ ಸೈನ್ಯದ ಗಾಡಿಗಳು ಹಡಗು ಹತ್ತಲು ನಿಂತಿವೆ, ಎಲ್ಲ ಮತದವರೂ ಬಂದು ಹರಸುತ್ತಾರೆ, ನಮ್ಮ ಕಡೆಯಿಂದ ನೀವು ಊರಿನಲ್ಲಿ ಮಾಡಿಸುವ ಹಾಗೆಯೇ ಗಾಡಿ ಪೂಜೆ ಮಾಡಿಸಬೇಕು ಎಂದರು. ಗಾಡಿ ತಾನೇ, ಲಾರಿಗಳಿರಬೇಕು ಎಂದುಕೊಂಡು ಒಪ್ಪಿದೆ.

ಕುಂಬಳಕಾಯಿ ಕೊಡಿಸಲು ನನ್ನನ್ನು ಸಂತೆಗೆ ಕರೆದುಕೊಂಡು ಹೋದವಳು ದೇವಿಕಾಳೇ. ಇಪ್ಪತ್ತೈದರ ಆಸುಪಾಸಿನ ಹುಡುಗಿ. ಕಾರನ್ನು ನಮ್ಮ ಖಾಸಗಿ ಬಸ್ಸಿನವರ ಹಾಗೆ ಓಡಿಸುತ್ತಾಳೆ, ಎದುರಿಗೆ ಬಂದವರನ್ನೆಲ್ಲ ಬೈಯುತ್ತಾಳೆ. ನನಗೆ ತಕ್ಷಣ ಇಷ್ಟವಾದಳು. ಬೂದುಗುಂಬಳ ಆ ಊರಿನಲ್ಲಿ ಸಿಗುವುದಿಲ್ಲ. ಮೇಲೆ ಬೂದಿ ಬಣ್ಣದ, ಚಪ್ಪಟೆಯ ಒಂದು ಕಾಯಿ ಇತ್ತು. ಅವಳೇ ಬಡಿದು ನೋಡಿ ದೊಡ್ಡದೊಂದನ್ನು ಆರಿಸಿ ಹೆಗಲ ಮೇಲೆ ಇಟ್ಟುಕೊಂಡಳು. ‘ಚೆನ್ನಾಗಿ ಪೂಜೆ ಮಾಡಿ ಗುರೂಜಿ, ಅಮ್ಮನಿಗೆ ಧೈರ್ಯ ಬರಲಿ,’ ಎಂದಳು.

ಬಂದರಿನ ಅಂಗಳ

ಅಂಗಳದ ಮುಂದೆ ಲಾರಿಗಳು ಸಾಲಾಗಿ ನಿಂತಿದ್ದವು. ಖುಷಿಯಿಂದ ಚೀಲ ಹಿಡಿದು ನಡೆದೆ. ಲಾರಿಗಳ ಹಿಂದೆ ಹೋದ ಮೇಲೆ ಗೊತ್ತಾಯಿತು, ಪೂಜೆ ಲಾರಿಗಳಿಗಲ್ಲ. ಉದ್ದನೆಯ ಕೊಳವೆಯ ಫಿರಂಗಿಗಳು. ಚಕ್ರಕ್ಕೆ ಹೊಸ ಬಣ್ಣ, ಕೊಳವೆಯ ಬಾಯಿಗೆ ಚರ್ಮದ ಮುಚ್ಚಳ. ಒಬ್ಬ ಪಾದ್ರಿ, ಒಬ್ಬ ಮೌಲ್ವಿ, ಟಿವಿ ಕ್ಯಾಮೆರಾದವರು, ನಗರಸಭೆಯ ಒಬ್ಬ ಸದಸ್ಯ, ಸೈನಿಕರ ಮನೆಯವರು. ಪಾದ್ರಿ, ಮೌಲ್ವಿ ಇಬ್ಬರೂ ಆಗಲೇ ಪ್ರಾರ್ಥನೆ ಮುಗಿಸಿ ನೆರಳಿನಲ್ಲಿ ಟೀ ಕುಡಿಯುತ್ತಿದ್ದರು.

ಫಿರಂಗಿ ದಳದ ಮೇಜರ್ ಎತ್ತರದ ಕಪ್ಪು ಮನುಷ್ಯ, ತುಂಬ ಮರ್ಯಾದಸ್ಥ. ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟರು. ಗುಂಡು ಎಲ್ಲಿ ಹೋಗಿ ಬೀಳುತ್ತದೆ ಎಂದು ಹಾರಿಸುವವರಿಗೆ ಕಾಣುತ್ತದೆಯೇ ಎಂದು ಕೇಳಿದೆ.

‘ಕಾಣಿಸುವುದಿಲ್ಲ. ಗುಡ್ಡದ ಆಚೆ ಬೀಳುತ್ತದೆ. ಎಲ್ಲಿಗೆ ಎಂದು ಫೋನಿನಲ್ಲಿ ಹೇಳುತ್ತಾರೆ.’

‘ಗುಡ್ಡದಲ್ಲಿ ಏನಿದೆ ಸ್ವಾಮಿ, ಅಷ್ಟು ಜಗಳ ಆಡೋಕೆ?’

‘ಅದಿರು. ನಿಮ್ಮ ಜೇಬಿನ ಫೋನಿಗೂ ಬೇಕಾಗುವಂಥದ್ದು.’

ನೆಲದೊಳಗೆ ಬೆಲೆಬಾಳುವುದು ಇರುವ ಊರಿನ ಗತಿ ಏನು ಎಂದು ಕೋಲಾರದವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ನಮ್ಮ ಚಿನ್ನ ಯಾರ ಕೊರಳಿಗೆ ಹೋಯಿತೋ, ನಮಗೆ ಉಳಿದದ್ದು ಗಾಳಿ ಬೀಸಿದರೆ ಕಣ್ಣಿಗೆ ಬೀಳುವ ಸಯನೈಡ್ ಮಣ್ಣಿನ ದಿಬ್ಬ. ನಮ್ಮ ಪುಣ್ಯಕ್ಕೆ ಅದರ ಮೇಲೆ ಯಾರೂ ಫಿರಂಗಿ ತರಲಿಲ್ಲ. ಕಬ್ಬು ಕಡಿಯಲು ಇದೇ ಬಂದರಿನಲ್ಲಿ ಇಳಿದವರ ವಂಶದ ಹುಡುಗಿ ಈಗ ಇನ್ಯಾರದೋ ಅದಿರಿಗಾಗಿ ಇನ್ಯಾರದೋ ಗುಡ್ಡದ ಆಚೆ ಗುಂಡು ಹಾಕಬೇಕು. ಅದಕ್ಕೆ ನಾನು ಮಂತ್ರ ಹೇಳಬೇಕು!

ಪದ್ಮ ಹೇಳಿದ್ದು ನೆನಪಾಗಿ ನಾಲಿಗೆ ಕಚ್ಚಿಕೊಂಡೆ. ಮಣೆ ಹಾಕಿಸಿದೆ, ತಟ್ಟೆ ಇಟ್ಟೆ, ಉದ್ಧರಣೆಯಲ್ಲಿ ನೀರು ತೆಗೆದುಕೊಂಡು ಎಂದಿನಂತೆ ಕೇಳಿದೆ: ‘ಯಜಮಾನರು ಯಾರು? ಬನ್ನಿ, ಕೈ ಒಡ್ಡಿ.’

ಓದುಗರಲ್ಲಿ ಪೂಜೆ ಮಾಡಿಸಿದವರಿಗೆಲ್ಲ ಇದು ಗೊತ್ತು. ಸಂಕಲ್ಪವಿಲ್ಲದೆ ಪೂಜೆಯಿಲ್ಲ. ಯಾರ ಪೂಜೆಯೋ ಅವರು ಮಣೆಯ ಮೇಲೆ ಕೂತು, ಅಂಗೈಯಲ್ಲಿ ಅಕ್ಷತೆ ನೀರು ಹಿಡಿದು, ನಾನು ಇಂಥವನು, ಇಂಥ ಕಡೆ, ಇಂಥ ಫಲಕ್ಕಾಗಿ ಮಾಡುತ್ತಿದ್ದೇನೆ ಎಂದು ಒಪ್ಪಿಕೊಂಡು ಆ ನೀರನ್ನು ತಟ್ಟೆಗೆ ಬಿಡಬೇಕು. ಮಾಡುವವನು ಯಾರು ಎಂದು ಗೊತ್ತಿಲ್ಲದ ಕೆಲಸಕ್ಕೆ ಫಲವೂ ಇಲ್ಲ, ಪುರೋಹಿತನೂ ಇಲ್ಲ. ಮಾಲೂರಿನಲ್ಲಿ ಲಾರಿ ತಂದವನು ಸಾಲದ ಲಾರಿಯಾದರೂ ಎದೆ ಸೆಟೆಸಿ ಕೂರುತ್ತಾನೆ.

ಇಲ್ಲಿ ಯಾರೂ ಬರಲಿಲ್ಲ. ನಾಯ್ಡು ನಗುತ್ತಾ, ದೇವಸ್ಥಾನದ್ದು ಬರೀ ವ್ಯವಸ್ಥೆ ಗುರೂಜಿ, ನಾನು ಹೇಗೆ ಯಜಮಾನನಾಗಲಿ ಎಂದರು. ನಗರಸಭೆಯವನು, ನಿರ್ಧಾರ ರಾಜಧಾನಿಯಲ್ಲಿ ಆಗಿದ್ದು, ನಾನು ಅತಿಥಿ ಮಾತ್ರ ಎಂದ. ಮೇಜರ್ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು, ‘ನಾನು ಆಜ್ಞೆ ಪಾಲಿಸುವವನು, ಅಷ್ಟೇ,’ ಎಂದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಾನು ಯಾರನ್ನೂ ಬೈದಿರಲಿಲ್ಲ, ಯಜಮಾನ ಯಾರು ಎಂದು ಕೇಳಿದ್ದಷ್ಟೇ. ಇಷ್ಟು ದೊಡ್ಡ ಫಿರಂಗಿಗಳು, ಒಂದಕ್ಕೂ ವಾರಸುದಾರನಿಲ್ಲ!

‘ಹಾಗಾದ್ರೆ ನನ್ನನ್ನ ಯಾಕ್ರೀ ಕರೆಸಿದ್ರಿ? ಹೊಡೆಯೋಕೆ ಎಲ್ರೂ ಇದ್ದೀರಿ, ಹೊಣೆ ಹೊರೋಕೆ ಒಬ್ರೂ ಇಲ್ವಾ?’ ಎಂದು ಕೂಗಿದೆ. ಸಿಟ್ಟಿಗೆ ಅಚ್ಚ ಮುಳಬಾಗಿಲು ಕನ್ನಡವೇ ಬಂತು. ಅರ್ಥವಾಗದಿದ್ದರೂ ಕ್ಯಾಮೆರಾದವನು ಚೆನ್ನಾಗಿದೆ ಎಂದು ಹೆಬ್ಬೆರಳು ತೋರಿಸಿದ.

ಎಲ್ಲ ತುಂಬಿಕೊಂಡು ಹೊರಡೋಣವೆಂದು ನಾನು ಚೀಲಕ್ಕೆ ಕೈ ಹಾಕುವಷ್ಟರಲ್ಲಿ ಸೈನಿಕರ ಸಾಲಿನಿಂದ ದೇವಿಕಾ ಬಂದಳು. ಬೂಟು ಬಿಚ್ಚಿ, ಮಣೆಯ ಮೇಲೆ ಕೂತು, ‘ಹಾರಿಸುವವಳು ನಾನು. ನನ್ನ ಕೈಗೆ ಹಾಕಿ,’ ಎಂದು ಅಂಗೈ ಚಾಚಿದಳು. ನನಗೆ ಕೈ ಮುಂದೆ ಹೋಗಲಿಲ್ಲ. ಅಷ್ಟರಲ್ಲಿ ಮನೆಯವರ ಗುಂಪಿನಿಂದ ಸರೋಜಮ್ಮ ಬಿರಬಿರನೆ ಬಂದು, ಮಗಳ ಕೈಯನ್ನು ಪಕ್ಕಕ್ಕೆ ತಳ್ಳಿ, ತಾವೇ ಕೈ ಒಡ್ಡಿದರು. ದೇವಿಕಾ ಕ್ಯಾಮೆರಾ ನೋಡಿ ಎದ್ದು, ಬೂಟು ಹಾಕಿಕೊಂಡು ಸಾಲಿಗೆ ಹೋದಳು.

ನೀರು ಹಾಕಿದೆ. ಗೋತ್ರ, ಹೆಸರು ಎಲ್ಲ ಹೇಳಿಸಿ, ತಗ್ಗಿದ ದನಿಯಲ್ಲಿ ತೆಲುಗಿನಲ್ಲೇ ಕೇಳಿದೆ: ‘ಯಾವ ಫಲ ಬೇಕಮ್ಮಾ?’

‘ನನ್ನ ಮಗಳು ಹೋಗಬಾರದು ಅಯ್ಯಗಾರೂ. ಮನೇಲಿರ್ಬೇಕು. ಅಷ್ಟೇ.’

ಅಷ್ಟು ಜನರ ನಡುವೆ ಆ ಮಾತು ಅರ್ಥವಾದದ್ದು ನಮ್ಮಿಬ್ಬರಿಗೇ. ಪಂಚಾಂಗದ ವಿಷಯದಲ್ಲಿ ಸುಳ್ಳು ಹೇಳಲಾರೆ. ಆದರೆ ಯಜಮಾನ ಕೇಳಿದ ಫಲವನ್ನು ಹೇಳುವುದು ಪುರೋಹಿತನ ಧರ್ಮ. ಇದ್ದ ಸಿಟ್ಟನ್ನೆಲ್ಲ ದನಿಗೆ ತಂದುಕೊಂಡು, ಮೈಕಿನಲ್ಲಿ, ಸ್ಪಷ್ಟವಾದ ಸಂಸ್ಕೃತದಲ್ಲಿ ಹೇಳಿದೆ: ‘ಮಮ ಪುತ್ರ್ಯಾಃ ದೇವಿಕಾನಾಮ್ನ್ಯಾಃ ಸ್ವಗೃಹನಿವಾಸ ಸಿದ್ಧ್ಯರ್ಥಂ...’ ನನ್ನ ಮಗಳು ದೇವಿಕಾ ತನ್ನ ಮನೆಯಲ್ಲೇ ಇರುವಂತಾಗಲಿ. ಮೇಜರ್ ತಲೆಬಾಗಿಸಿದರು. ನಾಯ್ಡು ಕಣ್ಣು ಮುಚ್ಚಿದರು. ಪಾದ್ರಿ ನೆರಳಿನಿಂದಲೇ ಆಮೆನ್ ಎಂದರು. ಸರೋಜಮ್ಮ ನೀರನ್ನು ತಟ್ಟೆಗೆ ಬಿಟ್ಟರು.

ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟೆ. ಕುಂಬಳಕಾಯಿಗೆ ತೂತು ಮಾಡಿ ಕುಂಕುಮ ತುಂಬಿ, ಕರ್ಪೂರ ಹಚ್ಚಿ ನಿವಾಳಿಸಿದೆ. ಲಾರಿಗೆ ಕುಂಬಳಕಾಯಿ ಒಡೆಯುವುದು ಏತಕ್ಕೆ? ಈ ಗಾಡಿಗೆ ಯಾರ ರಕ್ತವೂ ಬೇಡ, ಬದಲಿಗೆ ಈ ಕಾಯಿ ತಗೋ ಎಂದು. ರಕ್ತಕ್ಕೆಂದೇ ಮಾಡಿದ ಯಂತ್ರದ ಮುಂದೆ ಅದನ್ನು ಎತ್ತಿ ಹಿಡಿದಾಗ ನಾಚಿಕೆಯಾಯಿತು. ಆ ನಾಚಿಕೆಗೇ ಎರಡರಷ್ಟು ಬಲ ಹಾಕಿ ನೆಲಕ್ಕೆ ಅಪ್ಪಳಿಸಿದೆ. ಒಳಗೆ ಬಿಳಿಯಿರಲಿಲ್ಲ, ಕಿತ್ತಳೆ ಬಣ್ಣದ ಲೋಳೆ ತಿರುಳು. ಅಂಗಳದ ತುಂಬ ಸಿಡಿಯಿತು.

ಆಯುಧಪೂಜೆಯ ಮರುದಿನ ನಮ್ಮೂರಿನ ಆಸ್ಪತ್ರೆಯಲ್ಲಿ ಯಾಕೆ ಜಾಗವಿರುವುದಿಲ್ಲ ಎಂದು ನಿಮಗೆ ಗೊತ್ತು. ರಸ್ತೆಯ ಕುಂಬಳಕಾಯಿ ಚೂರಿನ ಮೇಲೆ ಸ್ಕೂಟರಿನವರು ಜಾರಿ ಬೀಳುತ್ತಾರೆ. ಒಡೆಯುವುದು ನಮ್ಮ ಧರ್ಮ, ಗುಡಿಸುವುದು ಯಾರ ಧರ್ಮವೂ ಅಲ್ಲ. ಅಲ್ಲಿಯೂ ನಾನು ಗುಡಿಸಲಿಲ್ಲ, ಗುಡಿಸಲು ಹೇಳಲೂ ಇಲ್ಲ. ಸೀಟಿ ಊದಿದರು. ಫಿರಂಗಿ ಎಳೆಯುವ ಗಾಡಿಗಳು ಗುರುಗುಟ್ಟಿದವು, ಸೈನಿಕರು ಓಡಿಹೋಗಿ ತಮ್ಮ ತಮ್ಮ ಗಾಡಿ ಹತ್ತತೊಡಗಿದರು. ದೇವಿಕಾ ಓಡಿದಳು. ತಿರುಳಿನ ಮೇಲೆ ಬೂಟು ಬಿತ್ತು, ಕಾಲು ಮಡಚಿಕೊಂಡಿತು. ಮುರಿದ ಸದ್ದು ನನಗೆ ಕೇಳಿಸಿತು.

ಆಸ್ಪತ್ರೆ

ಕಾಲಿಗೆ ಬಿಳಿ ಪಟ್ಟಿ ಸುತ್ತಿಸಿಕೊಂಡು ಮಲಗಿದ್ದ ದೇವಿಕಾ ನನ್ನನ್ನು ನೋಡಿದ ಕೂಡಲೇ ಕೇಳಿದಳು. ‘ಗುರೂಜಿ, ನೀವು ಮೈಕಿನಲ್ಲಿ ಹೇಳಿದ್ದರಲ್ಲಿ ನನ್ನ ಹೆಸರಿತ್ತು. ಏನು ಕೇಳಿದಿರಿ?’

ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಪಕ್ಕದಲ್ಲಿ ಸರೋಜಮ್ಮ ಕಿತ್ತಳೆ ಸುಲಿಯುತ್ತಿದ್ದರು. ಮುಖದ ಸಂತೋಷ ಮುಚ್ಚಿಡಲು ಅವರಿಂದ ಆಗುತ್ತಿರಲಿಲ್ಲ.

ನಾನೂ ಕೋಪಿಷ್ಠ, ಆದರೆ ಅಂಥ ಕೋಪವನ್ನು ಕಂಡಿರಲಿಲ್ಲ. ‘ಫಿರಂಗಿಯ ಕೆಲಸ ಒಬ್ಬರು ಬಿದ್ದರೆ ನಿಲ್ಲುವುದಿಲ್ಲ. ನನ್ನ ಜಾಗಕ್ಕೆ ಇವತ್ತೇ ನಮ್ಮ ದಳದ ಥಾಂಡಿಯನ್ನು ಹಾಕಿದ್ದಾರೆ. ಅವಳಿಗೆ ಈ ಸಲ ಹೋಗುವುದಿರಲಿಲ್ಲ. ಮನೆಯಲ್ಲಿ ಪುಟ್ಟ ಮಗುವಿದೆ. ನಿಮ್ಮ ಸಂಸ್ಕೃತದಲ್ಲಿ ಅವಳ ಹೆಸರಿತ್ತಾ?’ ಎಂದಳು. ತಾಯಿ ಸುಲಿದ ಕಿತ್ತಳೆ ಮುಟ್ಟಲಿಲ್ಲ. ಗೋಡೆಯ ಕಡೆ ತಿರುಗಿಕೊಂಡಳು.

ರೂಮಿಗೆ ಬಂದು ಪದ್ಮಳಿಗೆ ಫೋನು ಮಾಡಿ ಎಲ್ಲ ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ. ‘ಹೋಗ್ಲಿ ಬಿಡ್ರೀ, ನೀವೇನು ಆ ಇನ್ನೊಂದು ಹುಡುಗೀನ ಕಳಿಸಿದ್ರಾ?’ ಎಂದಳು. ಅದು, ನಾನು ಆಜ್ಞೆ ಪಾಲಿಸುವವನು ಎಂದ ಮೇಜರ್ ಮಾತಿನ ಹಾಗೆಯೇ ಕೇಳಿಸಿತು.

ದೇವಸ್ಥಾನದ ಬಾಗಿಲು

ಸುದ್ದಿಗೆ ಕಾಲಿದೆ. ಮುಳಬಾಗಿಲಿನಿಂದ ಬಂದ ಪುರೋಹಿತ ಮಂತ್ರ ಹೇಳಿ ಕುಂಬಳಕಾಯಿ ಒಡೆದ, ಗಳಿಗೆಯಲ್ಲಿ ಹುಡುಗಿಯ ಕಾಲು ಮುರಿದು ಮನೆಯಲ್ಲಿ ಉಳಿದಳು ಎಂದು ಊರೆಲ್ಲ ಹಬ್ಬಿತು. ಫಿರಂಗಿಗಳು ಹಡಗಿನಲ್ಲಿ ಹೋಗಿದ್ದವು. ಜನ ತಂಡತಂಡವಾಗಿ ವಿಮಾನದಲ್ಲಿ ಹೋಗುವುದಿತ್ತು. ಇನ್ನೂ ಹೊರಡದವರ ತಾಯಂದಿರು ದೇವಸ್ಥಾನದ ಬಾಗಿಲಿಗೆ ಬರತೊಡಗಿದರು. ನಮ್ಮವರು, ಚರ್ಚಿನವರು, ತಲೆಗೆ ದುಪಟ್ಟಾ ಹೊದ್ದವರು. ಒಬ್ಬೊಬ್ಬರ ಕಂಕುಳಲ್ಲೂ ಒಂದೊಂದು ಕುಂಬಳಕಾಯಿ.

‘ನನ್ನ ಮಗನಿಗೆ ಕೈ ಆದರೂ ಸರಿ, ಕಾಲಾದರೂ ಸರಿ. ಒಂದು ಮುರಿಯಲಿ,’ ಎಂದು ಒಬ್ಬಾಕೆ ಕಾಲು ಹಿಡಿದರು.

ಮಕ್ಕಳಿಗೆ ಮುಳ್ಳು ಚುಚ್ಚಿದರೆ ಮುಡಿಪು ಕಟ್ಟುವ ತಾಯಂದಿರನ್ನು ನೋಡುತ್ತ ಬಂದವನು ನಾನು. ಹೆತ್ತ ಮಗನ ಮೂಳೆ ಮುರಿದುಕೊಡಿ ಎಂದು ಹರಕೆ ಹೊರುವ ಸ್ಥಿತಿಗೆ ತಾಯಂದಿರನ್ನು ತಂದವರ ಮನೆ ಹಾಳಾಗ! ಹಾಗೆಂದು ಗರ್ಭಗುಡಿಯ ಮುಂದೆಯೇ ಶಾಪ ಹಾಕಿದೆ. ಯಾರಿಗೆ ತಗಲಬೇಕೋ ಅವರ ಹೆಸರು ಮಾತ್ರ ಗೊತ್ತಿರಲಿಲ್ಲ. ಒಂದು ಕಾಯಿಯನ್ನೂ ಒಡೆಯಲಿಲ್ಲ. ನಾಯ್ಡು ಬಂದು, ಬೇಗ ಊರಿಗೆ ಹೊರಡುವುದು ಎಲ್ಲರಿಗೂ ಒಳ್ಳೆಯದು ಎಂದು ನಗುನಗುತ್ತಲೇ ಟಿಕೆಟ್ಟು ಕೈಗಿಟ್ಟರು. ಸರೋಜಮ್ಮ ದಾರಿಗೆಂದು ಪುಳಿಯೋಗರೆ ಕಟ್ಟಿಕೊಟ್ಟರು. ದೇವಿಕಾ ತಾಯಿಯ ಜೊತೆ ಇನ್ನೂ ಮಾತು ಬಿಟ್ಟಿದ್ದಾಳೆ ಎಂದರು.

ಹೊರಡುವ ಬೆಳಿಗ್ಗೆ ಪೆಟ್ಟಿಗೆ ಕಟ್ಟಿಟ್ಟು ಕಾರಿಗೆ ಕಾಯುತ್ತಿದ್ದೆ. ಗೇಟಿನಲ್ಲಿ ಅಲ್ಲಿನ ಜುಲು ಜನಾಂಗದ ಒಬ್ಬ ಹೆಂಗಸು ನಿಂತಿದ್ದರು. ಬೆನ್ನಿಗೆ ಕಂಬಳಿಯಲ್ಲಿ ಕಟ್ಟಿಕೊಂಡ ಕೂಸು. ಕುಂಬಳಕಾಯಿ ತಂದಿರಲಿಲ್ಲ.

‘ನಾನು ಥಾಂಡಿಯ ಅಮ್ಮ,’ ಎಂದರು. ‘ನಿಮ್ಮನ್ನು ಟಿವಿಯಲ್ಲಿ ನೋಡಿದೆ. ಅವತ್ತು ನೀವು ನನ್ನ ಮಗಳ ಹೆಸರು ಹೇಳಿದಿರಾ?’

‘ಇಲ್ಲಮ್ಮಾ.’

‘ಹೋಗಿಬಿಟ್ಟಿದ್ದಾಳೆ. ಈಗ ಹೇಳಿದರೆ ಆಗುತ್ತದಾ?’

ಬೂಟಿನ ಶಬ್ದ ಮಾಡುತ್ತ ಡ್ರೈವರ್ ಬಂದು ಪೆಟ್ಟಿಗೆ ಎತ್ತಿಕೊಂಡ. ನಿಲ್ಲಪ್ಪಾ ಎಂದು ಪೆಟ್ಟಿಗೆ ಕೆಳಗಿಳಿಸಿ, ಬಿಚ್ಚಿ, ಪಂಚಪಾತ್ರೆ, ಉದ್ಧರಣೆ, ತಟ್ಟೆ, ಅಕ್ಷತೆ ಹೊರತೆಗೆದೆ. ನಲ್ಲಿಯಿಂದ ನೀರು ತಂದೆ. ಆಕೆ ಮೆಟ್ಟಿಲ ಮೇಲೆ ಕೂತು, ಟಿವಿಯಲ್ಲಿ ನೋಡಿದ ಹಾಗೆಯೇ ಅಂಗೈ ಒಡ್ಡಿದರು. ಗೋತ್ರ ಗೊತ್ತಿಲ್ಲದವರಿಗೆ ಕಾಶ್ಯಪ ಗೋತ್ರ ಹೇಳುವುದು ನಮ್ಮ ಪದ್ಧತಿ. ಕಾಶ್ಯಪ ಗೋತ್ರೋದ್ಭವಾಯಾಃ ಥಾಂಡಿನಾಮ್ನ್ಯಾಃ ಎಂದು ಶುರು ಮಾಡಿದೆ. ಕ್ಷೇಮವಾಗಿ ಮನೆಗೆ ಬರಲಿ ಎಂಬುದನ್ನು ಎರಡು ಸಲ ಹೇಳಿದೆ.

ಮುಗಿದ ಮೇಲೆ ತಟ್ಟೆ ಮುಂದಿಟ್ಟು, ನೀರು ಬಿಡಿ ಎಂದು ಸನ್ನೆ ಮಾಡಿದೆ. ಆಕೆಗೆ ತಿಳಿಯಲಿಲ್ಲ. ಅಂಗೈಯ ನೀರಿನಲ್ಲಿ ಒಂದಿಷ್ಟನ್ನು ಬೆನ್ನ ಮೇಲಿನ ಕೂಸಿನ ತುಟಿಗೆ ಸವರಿ, ಮಿಕ್ಕದ್ದನ್ನು ಅಕ್ಷತೆಯ ಸಮೇತ ಕುಡಿದುಬಿಟ್ಟರು. ನಾನು ತಟ್ಟೆ ಎತ್ತಿಟ್ಟುಕೊಂಡೆ.